ಮೀನಿನ ಕಿವಿಯೊಳಗಿನ ಕಲ್ಲು, ಆ ಕಲ್ಲಿನೊಳಗಿನ ಪ್ರೋಟೀನ್

ಕಲ್ಲೂರು ಮೀನಿನ ತಲೆಯನ್ನು ಮೆಟ್ಟುಕತ್ತಿಗೆ ಒತ್ತಿ ಸೀಳುವಾಗ ಕೆಲವೊಮ್ಮೆ ಕತ್ತಿ ಟಕ್ಕೆಂದು ನಿಲ್ಲುತ್ತದೆ. ಎಲುಬಿಗೆ ತಾಗಿದರೆ ಬರುವ ಸದ್ದೇ ಬೇರೆ, ಇದೇ ಬೇರೆ. ಬೆರಳು ಹಾಕಿ ನೋಡಿದರೆ ಮಿದುಳಿನ ಅಡಿಯಲ್ಲಿ, ಎಡಕ್ಕೊಂದು ಬಲಕ್ಕೊಂದು, ಕಡಲೆ ಬೀಜದಷ್ಟು ದೊಡ್ಡ ಬಿಳಿ ಕಲ್ಲು ಸಿಗುತ್ತದೆ. ತೊಳೆದು ಅಂಗೈ ಮೇಲಿಟ್ಟರೆ ಪಿಂಗಾಣಿಯ ಹಾಗೆ ಹೊಳೆಯುತ್ತದೆ. ಒಂದು ಬದಿ ಉಬ್ಬುತಗ್ಗಾಗಿರುತ್ತದೆ. ಇನ್ನೊಂದು ಬದಿ ನುಣುಪು, ಅದರ ಮೇಲೆ ಗೊದಮೊಟ್ಟೆಯ ಆಕಾರದ ಒಂದು ಗುಳಿ. ಇಂಗ್ಲಿಷಿನಲ್ಲಿ ಕ್ರೋಕರ್ ಅನ್ನುವ ಈ ಮೀನಿನ ಕುಟುಂಬದ ಗುರುತೇ ಆ ಗುಳಿ.

ಕರಾವಳಿಯಲ್ಲಿ ಬೆಳೆದವರು ಇದನ್ನು ಚಿಕ್ಕಂದಿನಲ್ಲಿ ಆಟಕ್ಕೆ ಎತ್ತಿಟ್ಟುಕೊಂಡಿರುತ್ತಾರೆ. ನಾನೂ ಇಟ್ಟುಕೊಂಡಿದ್ದೆ. ಅದು ಮೀನಿನ ಕಿವಿಯ ಭಾಗ ಅಂತ ಗೊತ್ತಾಗಿದ್ದು ಎಷ್ಟೋ ವರ್ಷಗಳ ನಂತರ. ವಿಜ್ಞಾನಿಗಳು ಅದನ್ನು ಒಟೋಲಿತ್ ಎನ್ನುತ್ತಾರೆ. ನಾವು ಕಿವಿಗಲ್ಲು ಅನ್ನೋಣ.

ಹೊರಗೆ ಕಾಣುವ ಕಿವಿ ಮೀನಿಗಿಲ್ಲ. ಆದರೆ ತಲೆಯೊಳಗೆ ಒಳಗಿವಿ ಇದೆ. ಒಂದೊಂದು ಒಳಗಿವಿಯಲ್ಲೂ ದ್ರವ ತುಂಬಿದ ಮೂರು ಪುಟ್ಟ ಚೀಲಗಳು, ಒಂದೊಂದು ಚೀಲದಲ್ಲಿ ಒಂದೊಂದು ಕಲ್ಲು. ಅಂದರೆ ಒಂದು ಮೀನಿಗೆ ಒಟ್ಟು ಆರು ಕಲ್ಲು. ಕಲ್ಲೂರಿನಲ್ಲಿ ನಮ್ಮ ಕೈಗೆ ಸಿಗುವುದು ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡ ಜೋಡಿ, ಸಜಿಟ್ಟಾ. ಉಳಿದ ನಾಲ್ಕು ಎಷ್ಟು ಸಣ್ಣವೆಂದರೆ ಹುಡುಕುವ ಹೊತ್ತಿಗೆ ನೀರಿನ ಜೊತೆ ಹರಿದುಹೋಗಿರುತ್ತವೆ.

ಕಿವಿಗೆ ಕಲ್ಲು ಯಾಕೆ? ಮೀನಿನ ಮೈ ಹೆಚ್ಚುಕಡಿಮೆ ನೀರಿನಷ್ಟೇ ಸಾಂದ್ರ. ನೀರಿನಲ್ಲಿ ಸದ್ದಿನ ಅಲೆ ಬಂದಾಗ ಮೀನಿನ ಮೈಯೂ ನೀರಿನ ಜೊತೆಗೇ ಅಲುಗುತ್ತದೆ. ಎಲ್ಲವೂ ಒಟ್ಟಿಗೆ ಅಲುಗಿದರೆ ಅಲುಗಿದ್ದು ಗೊತ್ತಾಗುವುದು ಹೇಗೆ? ಅಲ್ಲಿ ಕಲ್ಲು ಕೆಲಸಕ್ಕೆ ಬರುತ್ತದೆ. ಅದು ನೀರಿಗಿಂತ ಸುಮಾರು ಮೂರು ಪಟ್ಟು ಸಾಂದ್ರ, ಹಾಗಾಗಿ ಅಲುಗುವುದರಲ್ಲಿ ಸ್ವಲ್ಪ ಹಿಂದೆ ಬೀಳುತ್ತದೆ. ಕಲ್ಲಿನ ಪಕ್ಕದ ಜೀವಕೋಶಗಳ ಮೇಲೆ ಕೂದಲಿನಂತಹ ಎಳೆಗಳಿವೆ. ಕಲ್ಲು ಹಿಂದೆ ಬಿದ್ದಾಗ ಆ ಎಳೆಗಳು ಬಾಗುತ್ತವೆ, ನರಕ್ಕೆ ಸುದ್ದಿ ಹೋಗುತ್ತದೆ. ಮೇಲು ಯಾವುದು, ಕೆಳಗು ಯಾವುದು ಅಂತ ಮೀನಿಗೆ ತಿಳಿಯುವುದೂ ಇದೇ ದಾರಿಯಲ್ಲಿ.

ಈ ಕಲ್ಲಿನ ತೂಕದಲ್ಲಿ ಶೇಕಡಾ 95ಕ್ಕಿಂತ ಹೆಚ್ಚು, ಬಹಳ ಮೀನುಗಳಲ್ಲಿ ಶೇಕಡಾ 99ರ ಹತ್ತಿರ, ಕ್ಯಾಲ್ಸಿಯಂ ಕಾರ್ಬೊನೇಟ್. ಇಲ್ಲಿ ಅದನ್ನು ಸುಣ್ಣ ಅನ್ನೋಣ. ಕಪ್ಪೆಚಿಪ್ಪಿನಲ್ಲಿರುವುದೂ ಅದೇ, ಮೊಟ್ಟೆಯ ಸಿಪ್ಪೆಯಲ್ಲಿರುವುದೂ ಅದೇ. ಉಳಿದ ಚೂರುಪಾರಿನಲ್ಲಿ ಹೆಚ್ಚಿನದು ಪ್ರೋಟೀನ್. ನಾನು ಬರೆಯಲು ಹೊರಟಿರುವುದು ಆ ಚೂರುಪಾರಿನ ಬಗ್ಗೆ. ನೂರು ವರ್ಷಕ್ಕೂ ಹೆಚ್ಚು ಕಾಲ ನಾವು ಕಲ್ಲಿನ ಸುಣ್ಣವನ್ನೇ ಓದಿದೆವು. ಸುಣ್ಣ ಹೆಚ್ಚಾಗಿ ಹೇಳುವುದು ಮೀನು ಈಜಿದ ನೀರಿನ ಕಥೆ. ಮೀನಿನ ಮೈಯೊಳಗಿನ ಕಥೆ ಬೇಕಾದರೆ ಪ್ರೋಟೀನನ್ನು ಕೇಳಬೇಕು.

ದಿನಕ್ಕೊಂದು ಗೆರೆ

ಮೊದಲು ಸುಣ್ಣ ಏನು ಹೇಳುತ್ತದೆ ಅಂತ ನೋಡೋಣ. ಕಿವಿಗಲ್ಲನ್ನು ನಡುವೆ ಕತ್ತರಿಸಿ, ಉಜ್ಜಿ ತೆಳುವಾಗಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಮರದ ದಿಮ್ಮಿಯಲ್ಲಿರುವಂತೆ ಉಂಗುರಗಳು ಕಾಣುತ್ತವೆ. 1899ರಲ್ಲಿ ಜರ್ಮನಿಯ ರೈಬಿಶ್ ಪ್ಲೇಸ್ ಎಂಬ ಚಪ್ಪಟೆ ಮೀನಿನ ಕಿವಿಗಲ್ಲಿನಲ್ಲಿ ವರ್ಷದ ಉಂಗುರಗಳನ್ನು ಎಣಿಸಿ ವಯಸ್ಸು ಹೇಳಿದರು. 1971ರಲ್ಲಿ ಜಾರ್ಜಿಯೊ ಪನೆಲ್ಲಾ ಇನ್ನೂ ಸೂಕ್ಷ್ಮವಾಗಿ ನೋಡಿ, ವರ್ಷದ ಉಂಗುರಗಳ ನಡುವೆ ದಿನದಿನದ ಗೆರೆಗಳೂ ಇವೆ ಎಂದು ತೋರಿಸಿದರು. ಮರಿಮೀನು ಹುಟ್ಟಿ ಎಷ್ಟು ದಿನವಾಯಿತು ಎಂದು ಎಣಿಸಿ ಹೇಳಬಹುದು ಅಂದರೆ ಅದು ಸಣ್ಣ ಮಾತಲ್ಲ.

ವಯಸ್ಸು ತಿಳಿಯದೆ ಮೀನು ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಆರೆಂಜ್ ರಫಿ ಎಂಬ ಆಳಸಮುದ್ರದ ಮೀನು ಸಾಕ್ಷಿ. ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾದ ಕಡೆ 1970ರ ದಶಕದ ಕೊನೆಯಿಂದ ಇದನ್ನು ಭರದಿಂದ ಹಿಡಿದರು. ಬೇಗ ಬೆಳೆದು ಬೇಗ ಮರಿ ಮಾಡುವ ಮೀನು ಎಂದುಕೊಂಡಿದ್ದರು. ಕಿವಿಗಲ್ಲು ಓದಿದಾಗ ಇದು ನೂರು ವರ್ಷ ದಾಟಿ ಬದುಕುವ, ದೊಡ್ಡದಾಗಲು ಎರಡು ಮೂರು ದಶಕ ತೆಗೆದುಕೊಳ್ಳುವ ಮೀನು ಎಂದು ತಿಳಿಯಿತು. ಅಷ್ಟರಲ್ಲಿ ಬಹಳಷ್ಟು ಮೀನು ಬಲೆಗೆ ಬಿದ್ದಾಗಿತ್ತು.

ಕಿವಿಗಲ್ಲಿಗೆ ಇನ್ನೊಂದು ಗುಣವಿದೆ. ನಮ್ಮ ಎಲುಬು ಆಗಾಗ ಕರಗುತ್ತದೆ, ಮತ್ತೆ ಕಟ್ಟಿಕೊಳ್ಳುತ್ತದೆ. ಮೈಗೆ ಕ್ಯಾಲ್ಸಿಯಂ ಕಡಿಮೆಯಾದರೆ ಎಲುಬಿನಿಂದ ತೆಗೆದುಕೊಳ್ಳುತ್ತದೆ. ಮೀನಿನ ಹುರುಪೆಯೂ ಹಾಗೆ ಕರಗಬಹುದು. ಕಿವಿಗಲ್ಲು ಹಾಗಲ್ಲ. ಮೀನು ಉಪವಾಸ ಬಿದ್ದರೂ ಸಾಮಾನ್ಯವಾಗಿ ಅದು ಕರಗುವುದಿಲ್ಲ. ಒಮ್ಮೆ ಕೂತ ಪದರ ಕೂತ ಹಾಗೇ ಇರುತ್ತದೆ, ಮೇಲೆ ಹೊಸ ಪದರ ಬರುತ್ತಾ ಹೋಗುತ್ತದೆ. ಹುಟ್ಟಿದ ವಾರದ ಸುದ್ದಿ ಕಲ್ಲಿನ ನಡುವೆ ಭದ್ರವಾಗಿರುತ್ತದೆ.

ಆದರೆ ಸುಮ್ನೆ ಯೋಚಿಸಿ. ಈ ಕಲ್ಲಿನೊಳಗೆ ಜೀವಕೋಶವಿಲ್ಲ, ರಕ್ತನಾಳವಿಲ್ಲ. ದ್ರವದಲ್ಲಿ ಮುಳುಗಿ ಕೂತಿರುವ ಕಲ್ಲು ಅದು. ಹಾಗಿದ್ದೂ ಅದಕ್ಕೆ ಇಷ್ಟೇ ದಪ್ಪ, ಇದೇ ಆಕಾರ, ದಿನಕ್ಕೊಂದೇ ಗೆರೆ ಅಂತ ಹೇಳಿಕೊಡುವವರು ಯಾರು?

ನಕ್ಷತ್ರವಾದ ಕಲ್ಲು

ಉತ್ತರದ ಒಂದು ತುದಿ ಸಿಕ್ಕಿದ್ದು ಜೀಬ್ರಾ ಮೀನಿನಲ್ಲಿ. ನಮ್ಮ ಉಪಖಂಡದ ತೊರೆ, ಗದ್ದೆಗಳಲ್ಲಿ ಓಡಾಡುವ ಬೆರಳುದ್ದದ ಪಟ್ಟೆ ಮೀನು ಇದು. ಈಗ ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲಾ ಇದೆ. ಇದರ ಭ್ರೂಣ ಗಾಜಿನಷ್ಟು ಪಾರದರ್ಶಕ. ಮೊಟ್ಟೆ ಫಲಿತವಾದ ಒಂದು ದಿನದೊಳಗೆ ಕಿವಿಯ ಚೀಲದಲ್ಲಿ ಎರಡು ಪುಟ್ಟ ಕಲ್ಲು ಕಾಣಿಸಿಕೊಳ್ಳುವುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಬಹುದು. ದ್ರವದಲ್ಲಿ ತೇಲುವ ಸಣ್ಣ ಕಣಗಳು ಕೆಲವು ವಿಶೇಷ ಕೋಶಗಳ ಎಳೆಯ ತುದಿಗೆ ಬಂದು ಅಂಟಿಕೊಳ್ಳುತ್ತವೆ. ಅಲ್ಲಿಂದ ಕಲ್ಲು ಶುರು.

2003ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ತಂಡವೊಂದು ಈ ಭ್ರೂಣಗಳಲ್ಲಿ ಒಂದೇ ಒಂದು ಪ್ರೋಟೀನು ತಯಾರಾಗುವುದನ್ನು ತಗ್ಗಿಸಿ ನೋಡಿತು. ದುಂಡಗೆ, ನುಣುಪಾಗಿ ಬೆಳೆಯಬೇಕಿದ್ದ ಕಲ್ಲು ಮೂಲೆಮೂಲೆಯಾಗಿ ಚಾಚಿಕೊಂಡು ನಕ್ಷತ್ರದ ಹಾಗೆ ಬೆಳೆಯಿತು. ಪ್ರೋಟೀನಿಗೆ ಸ್ಟಾರ್‌ಮೇಕರ್ ಎಂಬ ಹೆಸರು ಬಂದಿದ್ದು ಹೀಗೆ. ಕೆಟ್ಟಿದ್ದು ಆಕಾರ ಒಂದೇ ಅಲ್ಲ, ಒಳಗಿನ ಹರಳಿನ ಬಗೆಯೂ ಬದಲಾಗಿತ್ತು.

ಇಲ್ಲಿ ಹರಳಿನ ಬಗ್ಗೆ ಒಂದು ಮಾತು ಹೇಳಬೇಕು. ಒಂದೇ ಅಕ್ಕಿಹಿಟ್ಟಿನಿಂದ ರೊಟ್ಟಿ ತಟ್ಟಬಹುದು, ಕಡುಬು ಮಾಡಬಹುದು, ಒತ್ತುಶ್ಯಾವಿಗೆ ಒತ್ತಬಹುದು. ಹಿಟ್ಟು ಅದೇ, ಜೋಡಣೆ ಬೇರೆ. ಕ್ಯಾಲ್ಸಿಯಂ ಕಾರ್ಬೊನೇಟ್ ಕೂಡ ಮೂರು ಮುಖ್ಯ ರೀತಿಯಲ್ಲಿ ಜೋಡಣೆಯಾಗುತ್ತದೆ: ಕ್ಯಾಲ್ಸೈಟ್, ಅರಗೊನೈಟ್, ವ್ಯಾಟರೈಟ್. ಇವುಗಳಲ್ಲಿ ಕ್ಯಾಲ್ಸೈಟ್ ಎಲ್ಲಕ್ಕಿಂತ ಸ್ಥಿರ. ಆದರೂ ಮೀನಿನ ದೊಡ್ಡ ಕಿವಿಗಲ್ಲು ಸಾಮಾನ್ಯವಾಗಿ ಅರಗೊನೈಟ್. ಅಂದರೆ ಹರಳನ್ನು ಅದರ ಪಾಡಿಗೆ ಬಿಡದೆ ಯಾರೋ ತಿದ್ದುತ್ತಿದ್ದಾರೆ. ಸ್ಟಾರ್‌ಮೇಕರ್ ಕಡಿಮೆಯಾದ ಭ್ರೂಣದಲ್ಲಿ ಕಲ್ಲು ಅರಗೊನೈಟ್ ಬಿಟ್ಟು ಕ್ಯಾಲ್ಸೈಟ್ ಆಯಿತು. ತಿದ್ದುವ ಕೈ ಯಾವುದು ಎಂದು ಆಗ ಕಂಡಿತು.

ಸ್ಟಾರ್‌ಮೇಕರ್ ವಿಚಿತ್ರ ಪ್ರೋಟೀನು. ಹೆಚ್ಚಿನ ಪ್ರೋಟೀನುಗಳು ಗಟ್ಟಿಯಾಗಿ ಮಡಚಿಕೊಂಡು ಒಂದು ರೂಪಕ್ಕೆ ಬರುತ್ತವೆ. ಇದು ಮಡಚಿಕೊಳ್ಳುವುದೇ ಇಲ್ಲ, ಸಡಿಲ ದಾರದ ಹಾಗೆ ಇರುತ್ತದೆ. ಮೈತುಂಬಾ ಋಣ ವಿದ್ಯುತ್ತು. ಕ್ಯಾಲ್ಸಿಯಂಗೆ ಇರುವುದು ಧನ ವಿದ್ಯುತ್ತು. ಹಾಗಾಗಿ ಎರಡೂ ಹತ್ತಿರ ಬರುತ್ತವೆ. ಹರಳು ಎಲ್ಲಿ ಬೆಳೆಯಬೇಕು, ಎಲ್ಲಿ ನಿಲ್ಲಬೇಕು ಎಂಬುದರ ಮೇಲೆ ಈ ದಾರ ಹಿಡಿತ ಸಾಧಿಸುತ್ತದೆ.

ಇದೊಂದೇ ಅಲ್ಲ. 1969ರಲ್ಲೇ ಡೀಗೆನ್ಸ್ ಮತ್ತು ಜೊತೆಗಾರರು ಕಿವಿಗಲ್ಲಿನ ಪ್ರೋಟೀನನ್ನು ಬೇರ್ಪಡಿಸಿ ಅದಕ್ಕೆ ಒಟೋಲಿನ್ ಎಂದು ಹೆಸರಿಟ್ಟಿದ್ದರು. 2002ರಲ್ಲಿ ಜಪಾನಿನ ಸಂಶೋಧಕರು ಚಮ್ ಸಾಲ್ಮನ್ ಮೀನಿನಲ್ಲಿ ಒಟೋಲಿನ್-1 ಎಂಬ ಪ್ರೋಟೀನನ್ನು ಗುರುತಿಸಿದರು. ಇದು ಕೊಲ್ಯಾಜನ್‌ನ ಬಳಗ. ನಮ್ಮ ಚರ್ಮಕ್ಕೂ ಮೂಳೆಸಂದಿಗೂ ಬಲ ಕೊಡುವ ನಾರಿನ ಪ್ರೋಟೀನು ಕೊಲ್ಯಾಜನ್. ಒಟೋಲಿನ್-1 ಕಿವಿಗಲ್ಲಿನೊಳಗೆ ಬಲೆಯಂತಹ ಚೌಕಟ್ಟು ಕಟ್ಟುತ್ತದೆ. ಅದಕ್ಕೆ ಮುಂಚೆ ರೇನ್‌ಬೋ ಟ್ರೌಟ್‌ನಲ್ಲಿ ಓಎಂಪಿ-1 ಎಂಬುದು ಸಿಕ್ಕಿತ್ತು. ಕಲ್ಲಿಗೆ ಮೊದಲ ಬೀಜ ಹಾಕುವುದರಲ್ಲಿ ಒಟೊಕೋನಿನ್-90ರ ಪಾತ್ರವಿದೆ ಎಂದು ಜೀಬ್ರಾ ಮೀನಿನಿಂದ ತಿಳಿಯಿತು. ಹೆಸರು ನೆನಪಿಡಬೇಕಾಗಿಲ್ಲ. ಒಬ್ಬ ಚೌಕಟ್ಟು ನಿಲ್ಲಿಸುತ್ತಾನೆ, ಒಬ್ಬ ಮೊದಲ ಇಟ್ಟಿಗೆ ಇಡುತ್ತಾನೆ, ಒಬ್ಬ ಸಾಲು ಡೊಂಕಾಗದಂತೆ ನೋಡಿಕೊಳ್ಳುತ್ತಾನೆ. ತೂಕದಲ್ಲಿ ಇಟ್ಟಿಗೆಯೇ ಜಾಸ್ತಿ. ಮನೆ ಕಟ್ಟುವವರು ಮಾತ್ರ ಇವರು.

ದಿನದ ಗೆರೆಯ ಗುಟ್ಟೂ ಇಲ್ಲೇ ಇದೆ. ಒಂದು ದಿನದ ಗೆರೆ ಅಂದರೆ ನಿಜಕ್ಕೂ ಎರಡು ಪಟ್ಟಿ. ಒಂದರಲ್ಲಿ ಸುಣ್ಣ ಜಾಸ್ತಿ, ಇನ್ನೊಂದರಲ್ಲಿ ಪ್ರೋಟೀನ್ ಜಾಸ್ತಿ. ಕಿವಿಯ ದ್ರವವನ್ನು ಹಗಲು ರಾತ್ರಿ ಅಳೆದು ನೋಡಿದವರಿಗೆ ಕಂಡದ್ದೇನೆಂದರೆ, ಅದರಲ್ಲಿ ಕಾರ್ಬೊನೇಟ್ ಏರುವ ಹೊತ್ತಿಗೆ ಪ್ರೋಟೀನ್ ಇಳಿದಿರುತ್ತದೆ, ಪ್ರೋಟೀನ್ ಏರುವ ಹೊತ್ತಿಗೆ ಕಾರ್ಬೊನೇಟ್ ಇಳಿದಿರುತ್ತದೆ. ಮೀನಿನ ಮೈಯೊಳಗಿನ ಗಡಿಯಾರದ ಎರಡು ಬಡಿತ ಕಲ್ಲಿನ ಮೇಲೆ ಎರಡು ಪಟ್ಟಿಯಾಗಿ ಉಳಿಯುತ್ತದೆ. ನಾವು ನೂರಾರು ಗೆರೆ ಎಣಿಸಲು ಸಾಧ್ಯವಾಗಿರುವುದೇ ನಡುನಡುವೆ ಪ್ರೋಟೀನಿನ ಪಟ್ಟಿ ಇರುವುದರಿಂದ.

ಕಲ್ಲನ್ನು ಕರಗಿಸಿ ಪ್ರೋಟೀನ್ ಹಿಡಿಯುವುದು

ಮೊಟ್ಟೆಯೊಂದನ್ನು ವಿನೆಗರ್‌ನಲ್ಲಿ ಒಂದು ದಿನ ಮುಳುಗಿಸಿಟ್ಟು ನೋಡಿದ್ದೀರಾ? ಸಿಪ್ಪೆಯಿಂದ ಗುಳ್ಳೆ ಏಳುತ್ತದೆ. ಸುಣ್ಣ ಕರಗಿಹೋಗುತ್ತದೆ. ಕೊನೆಗೆ ತೆಳು ಪೊರೆಯೊಳಗೆ ತುಳುಕುವ ಮೊಟ್ಟೆ ಉಳಿಯುತ್ತದೆ. ಆ ಪೊರೆ ಪ್ರೋಟೀನಿನದು.

ಕಿವಿಗಲ್ಲಿನ ಕೆಲಸವೂ ಇದೇ ರೀತಿ, ಎಚ್ಚರ ಮಾತ್ರ ಬಹಳ ಜಾಸ್ತಿ ಬೇಕು. ಮೊದಲು ಕಲ್ಲಿಗೆ ಅಂಟಿಕೊಂಡ ಮಾಂಸದ ಎಳೆಯನ್ನೆಲ್ಲಾ ತೆಗೆಯಬೇಕು. ಒಂದು ಚೂರು ಉಳಿದರೂ ಅದರ ಪ್ರೋಟೀನು ಕಲ್ಲಿನ ಪ್ರೋಟೀನಿಗಿಂತ ಹೆಚ್ಚಾಗಿ, ಲೆಕ್ಕವೆಲ್ಲಾ ತಪ್ಪುತ್ತದೆ. ಆಮೇಲೆ ಸುಣ್ಣವನ್ನು ನಿಧಾನಕ್ಕೆ ಕರಗಿಸಬೇಕು. ಜೋರು ಆಸಿಡ್ ಸುರಿದರೆ ಪ್ರೋಟೀನೂ ಹಾಳು. ಹಾಗಾಗಿ ಕ್ಯಾಲ್ಸಿಯಂ ಅನ್ನು ಮೆಲ್ಲಗೆ ಹಿಡಿದೆಳೆಯುವ ಇಡಿಟಿಎ ಎಂಬ ರಾಸಾಯನಿಕವನ್ನೋ ತೆಳು ಆಸಿಡನ್ನೋ ಬಳಸುತ್ತಾರೆ. ಕಲ್ಲು ಹೋದ ಮೇಲೆ ಮಿಕ್ಕುವುದು ಕಲ್ಲಿನದೇ ಆಕಾರದ, ನೋಡಲು ನೀರಿನಂತಿರುವ ಒಂದು ತೆಳು ಲೋಳೆ. ಅದು ಕರಗದ ಪ್ರೋಟೀನುಗಳ ಚೌಕಟ್ಟು. ಕರಗುವ ಪ್ರೋಟೀನುಗಳು ದ್ರವಕ್ಕೆ ಸೇರಿರುತ್ತವೆ. ಎರಡೂ ಬೇಕು.

ಮುಂದಿನ ಹೆಜ್ಜೆಗೆ ಟ್ರಿಪ್ಸಿನ್. ಇದು ನಮ್ಮ ಕರುಳಿನೊಳಗೂ ಪ್ರೋಟೀನು ಅರಗಿಸುವ ಕಿಣ್ವ. ಪ್ರೋಟೀನೆಂದರೆ ಅಮೈನೋ ಆಮ್ಲಗಳ ಸರ. ಆ ಸರದಲ್ಲಿ ಲೈಸೀನ್ ಅಥವಾ ಆರ್ಜಿನೀನ್ ಎಂಬ ಮಣಿ ಬಂದ ಕಡೆ ಮಾತ್ರ ಟ್ರಿಪ್ಸಿನ್ ಕತ್ತರಿಸುತ್ತದೆ. ಹೀಗೆ ಲೆಕ್ಕಕ್ಕೆ ಸಿಗುವಂತೆ ತುಂಡಾದ ಸರಗಳನ್ನು ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರ ಒಂದೊಂದಾಗಿ ತೂಗುತ್ತದೆ. ಇಂಥ ತೂಕದ ತುಂಡುಗಳು ಯಾವ ಪ್ರೋಟೀನಿನಿಂದ ಬರಬಹುದು ಎಂದು ಕಂಪ್ಯೂಟರ್ ಹುಡುಕುತ್ತದೆ.

ಹುಡುಕಲು ಒಂದು ಪಟ್ಟಿ ಬೇಕಲ್ವಾ? ತೊಡಕು ಇಲ್ಲೇ ಇತ್ತು. ಆ ಮೀನು ಯಾವ್ಯಾವ ಪ್ರೋಟೀನು ತಯಾರಿಸಬಲ್ಲದು ಎಂಬ ಪಟ್ಟಿ ಇಲ್ಲದಿದ್ದರೆ ತೂಕ ಗೊತ್ತಿದ್ದೂ ಹೆಸರು ಹೇಳಲಾಗದು. ಬಹಳ ಕಾಲ ಕಿವಿಗಲ್ಲಿನ ಪ್ರೋಟೀನುಗಳ ಹೆಸರುಗಳು ಬೆರಳೆಣಿಕೆಯಷ್ಟೇ ಇದ್ದುದಕ್ಕೆ ಇದೂ ಒಂದು ಕಾರಣ. ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಸಂಶೋಧಕರು ಬ್ಲ್ಯಾಕ್ ಬ್ರೀಮ್ ಎಂಬ ಅಳಿವೆಯ ಮೀನನ್ನು ತೆಗೆದುಕೊಂಡು, ಮೊದಲು ಅದರ ಒಳಗಿವಿಯಲ್ಲಿ ಯಾವ್ಯಾವ ಜೀನ್‌ಗಳು ಕೆಲಸ ಮಾಡುತ್ತಿವೆ ಎಂದು ಆರ್‌ಎನ್‌ಎ ಓದಿ ಪಟ್ಟಿ ಮಾಡಿಕೊಂಡರು. ಆ ಪಟ್ಟಿಯ ಎದುರು ಕಲ್ಲಿನ ತುಂಡುಗಳನ್ನು ಹೊಂದಿಸಿ ನೋಡಿದರು. 2019ರಲ್ಲಿ ಪ್ರಕಟವಾದ ಅವರ ಕೆಲಸದಲ್ಲಿ ಅದುವರೆಗೆ ಕಿವಿಗಲ್ಲಿನಲ್ಲಿ ಇದೆಯೆಂದೇ ಗೊತ್ತಿರದ ನೂರಾರು ಪ್ರೋಟೀನುಗಳು ಸಿಕ್ಕವು.

ಬೆರಳೆಣಿಕೆಯಿಂದ ನೂರಾರಕ್ಕೆ! ನನಗೆ ಈ ವಿಷಯದ ಹುಚ್ಚು ಹಿಡಿಸಿದ್ದು ಈ ಸುದ್ದಿಯೇ. ಇಷ್ಟೊಂದು ಪ್ರೋಟೀನುಗಳು ಕಲ್ಲು ಕಟ್ಟಲಿಕ್ಕೇ ಬೇಕಾಗಿಲ್ಲ. ಕೆಲವು ಕಟ್ಟುವವರೇ ಹೌದು. ಇನ್ನು ಕೆಲವು ಕಿವಿಯ ದ್ರವದಲ್ಲಿ ಬೇರೆ ಕೆಲಸಕ್ಕೆಂದು ಓಡಾಡುತ್ತಿರುವಾಗ, ಬೆಳೆಯುವ ಸುಣ್ಣ ಅವನ್ನು ಹಾಗೇ ಮುಚ್ಚಿಕೊಂಡಿದೆ. ಆ ದಿನ ಮೀನಿನ ಮೈಯಲ್ಲಿ ಏನು ನಡೆಯುತ್ತಿತ್ತು ಎಂಬುದರ ತುಣುಕುಗಳು ಅವು.

ನೀರಿನ ಕಥೆ, ಮೈಯ ಕಥೆ

ಇದರಿಂದ ಹಳೆಯ ಲೆಕ್ಕಗಳನ್ನೂ ಮತ್ತೆ ನೋಡಬೇಕಾಗಿ ಬಂದಿದೆ. ಕಿವಿಗಲ್ಲಿನಲ್ಲಿ ಸ್ಟ್ರಾನ್ಷಿಯಂ, ಬೇರಿಯಂ, ಸತು, ತಾಮ್ರ ಹೀಗೆ ಹಲವು ಧಾತುಗಳು ಅತಿ ಸಣ್ಣ ಪ್ರಮಾಣದಲ್ಲಿರುತ್ತವೆ. ಸಮುದ್ರದ ನೀರಿನಲ್ಲಿ ಸ್ಟ್ರಾನ್ಷಿಯಂ ಜಾಸ್ತಿ, ಹೆಚ್ಚಿನ ನದಿಗಳಲ್ಲಿ ಕಡಿಮೆ. ಸಾಲ್ಮನ್ ಯಾವ ವಯಸ್ಸಿಗೆ ನದಿ ಬಿಟ್ಟು ಕಡಲಿಗೆ ಹೋಯಿತು ಎಂದು ಕಲ್ಲಿನ ಸ್ಟ್ರಾನ್ಷಿಯಂ ನೋಡಿ ಹೇಳುತ್ತಾರೆ. ಸ್ಟ್ರಾನ್ಷಿಯಂ, ಬೇರಿಯಂಗಳು ಕ್ಯಾಲ್ಸಿಯಂನ ಜಾಗದಲ್ಲಿ ಸುಣ್ಣದೊಳಗೇ ಕೂರುವುದರಿಂದ ಇದು ಸರಿಯಾಗುತ್ತದೆ. ಆದರೆ ತಾಮ್ರ, ಸತುವಿನಂಥವು ಬಹುಪಾಲು ಪ್ರೋಟೀನುಗಳಿಗೆ ಅಂಟಿಕೊಂಡೇ ಕಲ್ಲಿಗೆ ಬರುತ್ತವೆ. ಮೈಯೊಳಗೆ ಅವುಗಳ ಮೇಲೆ ಕಟ್ಟುನಿಟ್ಟಿನ ಹಿಡಿತವಿದೆ. ಬೆಳವಣಿಗೆ, ಮೊಟ್ಟೆ ಕಟ್ಟುವುದು, ಕಾಯಿಲೆ ಇವೆಲ್ಲಾ ಅವನ್ನು ಏರಿಳಿಸಬಹುದು. ಕಲ್ಲಿನಲ್ಲಿ ಸತು ಹೆಚ್ಚಿದ್ದನ್ನು ನೋಡಿ, ನೀರಿನಲ್ಲಿ ಸತು ಹೆಚ್ಚಿತ್ತು ಎಂದು ನೇರವಾಗಿ ಹೇಳುವ ಹಾಗಿಲ್ಲ. ಅದು ಮೀನಿನ ಮೈಯ ಸುದ್ದಿ ಇರಬಹುದು.

ಮೀನು ಏನು ತಿಂದಿತು ಎಂಬುದೂ ಪ್ರೋಟೀನಿನಲ್ಲಿದೆ. ಪ್ರೋಟೀನಿನಲ್ಲಿ ಸಾರಜನಕ ಇರುತ್ತದೆ, ಸುಣ್ಣದಲ್ಲಿ ಇಲ್ಲ. ಸಾರಜನಕದಲ್ಲಿ ಹಗುರ ಮತ್ತು ಸ್ವಲ್ಪ ಭಾರದ ಎರಡು ಬಗೆ: 14 ಮತ್ತು 15. ಪಾಚಿಯನ್ನು ತಿಂದ ಸಣ್ಣ ಜೀವಿ, ಅದನ್ನು ತಿಂದ ಸಣ್ಣ ಮೀನು, ಅದನ್ನು ತಿಂದ ದೊಡ್ಡ ಮೀನು, ಹೀಗೆ ಮೇಲೆ ಹೋದಂತೆ ಮೈಯಲ್ಲಿ ಭಾರದ ಸಾರಜನಕದ ಪಾಲು ಸ್ವಲ್ಪ ಸ್ವಲ್ಪವೇ ಏರುತ್ತದೆ. ಕಿವಿಗಲ್ಲಿನ ಪ್ರೋಟೀನಿನಲ್ಲಿ ಈ ಪಾಲನ್ನು ಅಳೆದರೆ ಮೀನು ಆಹಾರ ಸರಪಳಿಯ ಯಾವ ಮೆಟ್ಟಿಲಿನಲ್ಲಿತ್ತು ಎಂದು ಅಂದಾಜು ಸಿಗುತ್ತದೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಅಟ್ಲಾಂಟಿಕ್ ಕಾಡ್ ಮೀನಿನ ಕಲ್ಲುಗಳ ಮೇಲೆ ಇಂಥ ಕೆಲಸ ನಡೆದಿದೆ. ಕಲ್ಲಿನಲ್ಲಿರುವ ಅತಿ ಕಡಿಮೆ ಸಾರಜನಕವನ್ನು ಅಳೆಯುವ ಸೂಕ್ಷ್ಮ ವಿಧಾನ ಬಂದ ಮೇಲೆ ಇದು ಸಾಧ್ಯವಾಯಿತು.

ಇದಕ್ಕೆ ಬೆಲೆ ಬರುವುದು ಹಳೆಯ ಕಲ್ಲುಗಳಿಂದ. ನಾರ್ವೆಯಂಥ ದೇಶಗಳು 1930ರ ದಶಕದಿಂದಲೂ ಕಾಡ್ ಮೀನಿನ ಕಿವಿಗಲ್ಲುಗಳನ್ನು ಸಣ್ಣ ಕಾಗದದ ಲಕೋಟೆಗಳಲ್ಲಿ ಹಾಕಿ, ಹಿಡಿದ ದಿನಾಂಕ, ಜಾಗ ಬರೆದು ಇಟ್ಟುಕೊಂಡು ಬಂದಿವೆ. ಅಂದು ಇಟ್ಟವರು ವಯಸ್ಸು ಎಣಿಸಲಿಕ್ಕೆಂದು ಇಟ್ಟರು. ಮೀನು ಎಂದೋ ಯಾರದೋ ಊಟವಾಗಿ ಮುಗಿದಿದೆ. ಅದು ಏನು ತಿಂದು ಬದುಕಿತ್ತು ಎಂಬ ಸುಳಿವು ಲಕೋಟೆಯಲ್ಲಿ ಉಳಿದಿದೆ.

ಸಾಕಿದ ಮೀನಿನ ಕಥೆಯನ್ನೂ ಹೇಳಬೇಕು, ಯಾಕೆಂದರೆ ಇದು ಮೀನಿನ ನೋವಿನ ವಿಷಯ. ಸಾಕಣೆ ಕೇಂದ್ರಗಳ ಸಾಲ್ಮನ್‌ಗಳಲ್ಲಿ ಬಹಳಷ್ಟರ ಕಿವಿಗಲ್ಲು ಅರಗೊನೈಟ್ ಬದಲು ವ್ಯಾಟರೈಟ್ ಆಗಿರುತ್ತದೆ. ಬಿಳಿ ಕಲ್ಲಿನ ಬದಲು ಗಾಜಿನ ತುಣುಕಿನಂತೆ ಕಾಣುತ್ತದೆ. ಹಗುರ, ದೊಡ್ಡದು, ಆಕಾರ ಸರಿ ಇಲ್ಲ. 2016 ಮತ್ತು 2017ರಲ್ಲಿ ಮೆಲ್ಬರ್ನ್‌ನ ಸಂಶೋಧಕರು ನಾರ್ವೆ, ಚಿಲಿ ಮುಂತಾದ ದೇಶಗಳ ಮೀನು ನೋಡಿ ಹೇಳಿದ್ದೇನೆಂದರೆ, ಸಾಕಿದ ಸಾಲ್ಮನ್‌ಗಳಲ್ಲಿ ಈ ದೋಷ ತಾವಾಗಿ ಬೆಳೆದ ಸಾಲ್ಮನ್‌ಗಳಿಗಿಂತ ಹತ್ತು ಪಟ್ಟಿನವರೆಗೂ ಹೆಚ್ಚು. ಇಂಥ ಕಲ್ಲಿರುವ ಮೀನಿಗೆ ಕಿವಿ ಮಂದ, ಅರ್ಧದಷ್ಟು ಕೇಳುವ ಶಕ್ತಿ ಹೋಗಿರಬಹುದು. ಬೇಗ ಬೇಗ ಬೆಳೆಸುವುದೇ ದೊಡ್ಡ ಕಾರಣ ಎಂದು ಅವರು ಕಂಡರು. ಯಾವ ಬಗೆಯ ಹರಳು ಕೂರಬೇಕು ಎನ್ನುವುದರಲ್ಲಿ ಪ್ರೋಟೀನುಗಳ ಕೈ ಇದೆ ಎಂದು ನೋಡಿದೆವು. ಓಟದ ಬೆಳವಣಿಗೆಯಲ್ಲಿ ಆ ಹಿಡಿತ ಎಲ್ಲಿ ತಪ್ಪುತ್ತದೆ ಎಂದು ತಿಳಿದರೆ ಮೀನು ಸಾಕುವ ರೀತಿಯನ್ನು ತಿದ್ದಬಹುದು. ನೋವು ಹೇಳಿಕೊಳ್ಳಲಾಗದ ಜೀವಿಯ ಬಗ್ಗೆ ಇಷ್ಟಾದರೂ ತಿಳಿಯುವುದು ನಮ್ಮ ಜವಾಬ್ದಾರಿ ಎಂದೇ ನನ್ನ ನಂಬಿಕೆ.

ಮನುಷ್ಯರ ಒಳಗಿವಿಯಲ್ಲೂ ಇಂಥ ಸುಣ್ಣವಿದೆ. ನಮ್ಮದು ದೊಡ್ಡ ಕಲ್ಲಲ್ಲ, ಧೂಳಿನಂಥ ಸಾವಿರಾರು ಹರಳುಗಳು. ಬೆಳಗ್ಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದ ಕೂಡಲೇ ಕೋಣೆ ಗಿರ್ರೆಂದು ತಿರುಗಿದ ಅನುಭವ ಮನೆಯ ಹಿರಿಯರಲ್ಲಿ ಯಾರಿಗಾದರೂ ಆಗಿರಬಹುದು. ಆ ತಲೆಸುತ್ತಿನ ಒಂದು ಸಾಮಾನ್ಯ ಕಾರಣ, ಈ ಹರಳುಗಳು ಜಾಗ ಬಿಟ್ಟು ಪಕ್ಕದ ನಾಳಕ್ಕೆ ಹೋಗುವುದು. ಮೀನಿನಲ್ಲಿ ಸಿಕ್ಕ ಒಟೋಲಿನ್-1 ನಮ್ಮಲ್ಲೂ ಇದೆ. ರಕ್ತದಲ್ಲಿ ಅದರ ಮಟ್ಟ ನೋಡಿ ಈ ತಲೆಸುತ್ತನ್ನು ಗುರುತಿಸಬಹುದೇ ಎಂದು ವೈದ್ಯಕೀಯ ಸಂಶೋಧಕರು ಪರೀಕ್ಷಿಸುತ್ತಿದ್ದಾರೆ. ಸ್ಟಾರ್‌ಮೇಕರ್‌ನಂಥ ಕೆಲಸವನ್ನೇ ಮಾಡುವ ಪ್ರೋಟೀನೊಂದು ನಮ್ಮ ಹಲ್ಲಿನಲ್ಲಿದೆ. ಅದರ ಜೀನ್ ಕೆಟ್ಟ ಕೆಲವು ಕುಟುಂಬಗಳಲ್ಲಿ ಹಲ್ಲಿನ ದೋಷದ ಜೊತೆಗೆ ಕಿವುಡೂ ಬರುತ್ತದೆ.

ಇಷ್ಟೆಲ್ಲಾ ಇದ್ದರೂ ಒಂದು ದೊಡ್ಡ ಕಷ್ಟ ಉಳಿದಿದೆ. ಪ್ರೋಟೀನ್ ಸಾಕಾಗುವಷ್ಟು ಸಿಗಬೇಕಾದರೆ ಇಡೀ ಕಲ್ಲನ್ನು ಕರಗಿಸಬೇಕು. ಇಡೀ ಕಲ್ಲು ಕರಗಿದರೆ ಮರಿಯಾಗಿದ್ದಾಗಿನದು, ಮೊದಲ ಸಲ ಮೊಟ್ಟೆ ಕಟ್ಟಿದಾಗಿನದು, ಮುದಿ ಕಾಲದ್ದು ಎಲ್ಲಾ ಒಂದೇ ಸೀಸೆಯಲ್ಲಿ ಬೆರೆತುಹೋಗುತ್ತದೆ. ಕಥೆಯ ಪುಟಗಳನ್ನೆಲ್ಲಾ ಹರಿದು ಒಂದೇ ಚೀಲಕ್ಕೆ ತುಂಬಿದ ಹಾಗೆ. ಮೀನುಗಾರಿಕೆಗೆ ಜಾಸ್ತಿ ಬೇಕಾದ ಪ್ರಶ್ನೆ ಯಾವುದು? ಹೆಣ್ಣು ಮೀನು ಯಾವ ವಯಸ್ಸಿಗೆ ಮೊದಲ ಸಲ ಮೊಟ್ಟೆ ಇಟ್ಟಿತು ಎಂಬುದು. ಅದಕ್ಕೆ ಉತ್ತರ ಬೇಕಾದರೆ ಪದರ ಪದರವಾಗಿ ಓದಬೇಕು. ಅತಿ ಸಣ್ಣ ಮೊನೆಯ ಕೊರೆಯುವ ಯಂತ್ರದಿಂದ ಒಂದೊಂದು ವರ್ಷದ ಪುಡಿಯನ್ನು ಬೇರೆ ಬೇರೆ ತೆಗೆಯುವುದು ಈಗಲೂ ಆಗುತ್ತದೆ. ಅಷ್ಟು ಪುಡಿಯಲ್ಲಿರುವ ಪ್ರೋಟೀನನ್ನು ಹೆಸರು ಹಿಡಿದು ಗುರುತಿಸುವಷ್ಟು ಯಂತ್ರ ಚುರುಕಾಗಬೇಕು, ದೊಡ್ಡ ಕಲ್ಲಿನ ಮೀನುಗಳಿಂದ ಶುರುಮಾಡಬೇಕು.

ದೊಡ್ಡ ಕಲ್ಲಿನ ಮೀನು ಅಂದರೆ ನಮ್ಮ ಕಲ್ಲೂರು ಇದ್ದೇ ಇದೆ. ಮುಂದಿನ ಸಲ ತಂದಾಗ ತಲೆಯನ್ನು ಸಾರಿಗೆ ಹಾಕುವ ಮೊದಲು ಕಲ್ಲು ತೆಗೆದುಕೊಳ್ಳಿ. ಕಣ್ಣಿನ ಹಿಂದೆ ತಲೆಯ ಮೇಲ್ಭಾಗವನ್ನು ಅಡ್ಡಕ್ಕೆ ಕತ್ತರಿಸಿದರೆ ಮಿದುಳು ಕಾಣುತ್ತದೆ. ಅದರ ಕೆಳಗೆ ಎರಡೂ ಬದಿಯಲ್ಲಿ ಬೆರಳಾಡಿಸಿ. ಸಾರಿನಲ್ಲಿ ಕುದಿದ ಮೇಲೆ ತಟ್ಟೆಯಲ್ಲಿ ಸಿಕ್ಕರೂ ಗೆರೆಗಳು ಹಾಗೇ ಇರುತ್ತವೆ, ಆದರೆ ಬಿಸಿಗೆ ಪ್ರೋಟೀನು ಕೆಡುತ್ತದೆ. ತೊಳೆದು, ಒರೆಸಿ, ಒಂದು ಲಕೋಟೆಗೆ ಹಾಕಿ. ಮೇಲೆ ಮೀನಿನ ಹೆಸರು, ಉದ್ದ, ತಂದ ದಿನ, ಯಾವ ಬಂದರಿನದು ಎಂದು ಬರೆದಿಡಿ.